ಕೈರೋದ ಡೇರೆಗಳು: ಈಜಿಪ್ಟಿನ ವೃತ್ತಿಪರ ಸಂಘಗಳಲ್ಲಿ ಮುಸ್ಲಿಂ ಬ್ರದರ್‌ಹುಡ್, 1984ರಿಂದ 1995

1992ರ ಅಕ್ಟೋಬರ್ 12, ಸೋಮವಾರ. ಮಧ್ಯಾಹ್ನ 3 ಗಂಟೆ 9 ನಿಮಿಷಕ್ಕೆ ಕೈರೋದ ನೆಲ ನಡುಗಿತು. ಕಂಪನದ ಕೇಂದ್ರ ನಗರದ ನೈರುತ್ಯಕ್ಕಿರುವ ದಹ್ಶೂರ್ ಬಳಿ, ತೀವ್ರತೆ 5.8ರಷ್ಟು. ಭೂಕಂಪಗಳ ಲೆಕ್ಕದಲ್ಲಿ ಇದು ಮಧ್ಯಮ ಗಾತ್ರದ್ದು. ಆದರೆ ಹಳೇ ಕೈರೋದ ಮಣ್ಣಿಟ್ಟಿಗೆಯ ಮನೆಗಳಿಗೆ ಅಷ್ಟೇ ಸಾಕಾಯಿತು. ಹೆಲಿಯೊಪೊಲಿಸ್ ಬಡಾವಣೆಯಲ್ಲಿ ಪರವಾನಗಿ ಮೀರಿ ಏರಿಸಿದ್ದ 14 ಅಂತಸ್ತಿನ ವಸತಿ ಕಟ್ಟಡವೊಂದು ಕುಸಿದು ಬಿತ್ತು. ಸುಮಾರು 550 ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲುಗಳ ನೂಕುನುಗ್ಗಲಿಗೆ ಸಿಕ್ಕ ಮಕ್ಕಳು. ಮನೆ ಕಳೆದುಕೊಂಡವರು 50,000ದ ಆಸುಪಾಸು. ಅಧ್ಯಕ್ಷ ಹೊಸ್ನಿ ಮುಬಾರಕ್ ಆಗ ಚೀನಾ ಪ್ರವಾಸದಲ್ಲಿದ್ದರು.

ಕೆಲವೇ ಗಂಟೆಗಳಲ್ಲಿ ಬೀದಿಯಲ್ಲಿ ಡೇರೆ ಎದ್ದವು. ಕಂಬಳಿ, ಬ್ರೆಡ್ಡು, ಗಾಯಕ್ಕೆ ಕಟ್ಟುವ ಬಟ್ಟೆ, ಡಾಕ್ಟರು ಎಲ್ಲ ಬಂದರು. ಬಂದವರು ಸರ್ಕಾರದವರಲ್ಲ, ವೈದ್ಯರ ಸಂಘ ಮತ್ತು ಎಂಜಿನಿಯರುಗಳ ಸಂಘದವರು. ಹಲವು ಡೇರೆಗಳ ಮೇಲೆ ಒಂದೇ ಸಾಲಿನ ಬ್ಯಾನರ್ ಇತ್ತು: ಅಲ್-ಇಸ್ಲಾಮ್ ಹುವಲ್-ಹಲ್, ಅಂದರೆ ‘ಇಸ್ಲಾಮೇ ಪರಿಹಾರ’. ಅದು 1987ರ ಸಂಸತ್ ಚುನಾವಣೆಯಲ್ಲಿ ಮುಸ್ಲಿಂ ಬ್ರದರ್‌ಹುಡ್ ಕೂಗಿದ್ದ ಘೋಷಣೆ. ಬ್ರದರ್‌ಹುಡ್ ಎಂಬ ಸಂಘಟನೆಗೆ 1954ರಿಂದಲೂ ಕಾನೂನಿನ ಮಾನ್ಯತೆ ಇರಲಿಲ್ಲ. ಕಾನೂನಿನ ಕಡತದಲ್ಲೇ ಇಲ್ಲದ ಸಂಘಟನೆ ಸರ್ಕಾರಕ್ಕಿಂತ ಮೊದಲು ಬೀದಿಗೆ ಬಂದದ್ದು ಹೇಗೆ? ಈ ಅಧ್ಯಯನದ ವಿಷಯ ಅದೇ. ರಾಜಕೀಯ ಇಸ್ಲಾಂ ಎಂದಾಕ್ಷಣ ನಮ್ಮ ಪತ್ರಿಕೆಗಳಲ್ಲಿ ಬಂದೂಕು ಅಥವಾ ಭಾಷಣದ ಚಿತ್ರವೇ ಬರುತ್ತದೆ. ಕೈರೋದಲ್ಲಿ ಅದನ್ನು ಕಟ್ಟಿದ್ದು ಸದಸ್ಯತ್ವದ ಪಟ್ಟಿ, ವಂತಿಗೆ, ಆರೋಗ್ಯ ವಿಮೆಯ ಅರ್ಜಿ ಮತ್ತು ವಾರಕ್ಕೊಮ್ಮೆ ಸೇರುವ ಹತ್ತು ಜನರ ಗುಂಪು.

ಇಸ್ಮಾಯಿಲಿಯಾದ ಬೀಜ

ಸಂಘಟನೆಯ ಮೂಲ ಅಚ್ಚು 1992ರದ್ದಲ್ಲ, 1928ರದ್ದು. ಹಸನ್ ಅಲ್-ಬನ್ನಾ ಕೈರೋದ ದಾರುಲ್ ಉಲೂಮ್ ಎಂಬ ಶಿಕ್ಷಕರ ಕಾಲೇಜಿನಲ್ಲಿ ಓದು ಮುಗಿಸಿ 1927ರಲ್ಲಿ ಅರಬ್ಬಿ ಮೇಷ್ಟ್ರಾಗಿ ಇಸ್ಮಾಯಿಲಿಯಾ ಎಂಬ ಕಾಲುವೆ ಪಟ್ಟಣಕ್ಕೆ ಬಂದರು. ಆಗ ಅವರಿಗೆ 21ರ ಹೊಸ್ತಿಲು. ಒಂದು ಕಡೆ ಸೂಯೆಜ್ ಕಾಲುವೆ ಕಂಪನಿಯ ಯುರೋಪಿಯನ್ನರ ಬಂಗಲೆಗಳು, ಇನ್ನೊಂದು ಕಡೆ ಕೂಲಿಗಳ ಕೇರಿ, ಪಕ್ಕದಲ್ಲೇ ಬ್ರಿಟಿಷ್ ಸೇನಾ ಶಿಬಿರ. ಬನ್ನಾ ಮಸೀದಿ ಬಿಟ್ಟು ಕಾಫಿ ಅಂಗಡಿಗಳಲ್ಲಿ ಮಾತಾಡಲು ಶುರುಮಾಡಿದರು. ಮಸೀದಿಗೆ ಬರುವವರು ಹೇಗೂ ಬರುತ್ತಾರೆ, ಬಾರದವರು ಕೂತಿರುವುದು ಕಾಫಿ ಅಂಗಡಿಯಲ್ಲಿ ಎಂಬುದು ಅವರ ಎಣಿಕೆ. 1928ರ ಮಾರ್ಚ್‌ನಲ್ಲಿ ಅವರ ಬಳಿ ಬಂದು ಮೊದಲ ಸದಸ್ಯರಾದ ಆರು ಮಂದಿಯಲ್ಲಿ ಬಡಗಿ, ಕ್ಷೌರಿಕ, ಇಸ್ತ್ರಿಯವನು, ಚಾಲಕ, ತೋಟದ ಮಾಲಿ, ಸೈಕಲ್ ರಿಪೇರಿಯವನು ಇದ್ದರು. ಒಬ್ಬನೂ ಆಲಿಮ್, ಅಂದರೆ ಧರ್ಮಶಾಸ್ತ್ರ ಪಂಡಿತ, ಅಲ್ಲ. ಮೊದಲ ಮಸೀದಿ ಕಟ್ಟುವಾಗ ಕಾಲುವೆ ಕಂಪನಿಯೇ 500 ಈಜಿಪ್ಷಿಯನ್ ಪೌಂಡ್ ಕೊಟ್ಟಿತು. ಬನ್ನಾ ಅದನ್ನು ತೆಗೆದುಕೊಂಡರು. ಕೆಲಸಕ್ಕೆ ಬರುವ ಹಣವನ್ನು ಬೇಡವೆನ್ನದ ಈ ಲೆಕ್ಕಾಚಾರದ ಬುದ್ಧಿ ಮುಂದೆಯೂ ಸಂಘಟನೆಯನ್ನು ಬಿಡಲಿಲ್ಲ.

1929ರಲ್ಲಿ 4 ಶಾಖೆ, 1932ರಲ್ಲಿ 15, 1938ರಲ್ಲಿ 300, 1949ರ ಹೊತ್ತಿಗೆ 2,000. ಇಷ್ಟು ಬೆಳೆದದ್ದನ್ನು ಹಿಡಿದಿಟ್ಟದ್ದು 1943ರಲ್ಲಿ ರೂಪುಗೊಂಡ ‘ಉಸ್ರಾ’ ಪದ್ಧತಿ. ಉಸ್ರಾ ಎಂದರೆ ಕುಟುಂಬ. ಮೊದಲಿಗೆ 5 ಜನ, ಹೆಚ್ಚೆಂದರೆ 10. ಅವರಿಗೊಬ್ಬ ನಕೀಬ್, ಅಂದರೆ ಮುಂದಾಳು. ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಬೇಕು. ಕುರ್‌ಆನ್ ಪಠಣ, ಒಂದು ಪಾಠ, ಆಮೇಲೆ ಒಬ್ಬೊಬ್ಬರ ಕಷ್ಟಸುಖ: ಯಾರಿಗೆ ಕೆಲಸ ಹೋಯಿತು, ಯಾರ ಮನೆಯಲ್ಲಿ ಕಾಯಿಲೆ. ಪದ್ಧತಿಗೆ ಮೂರು ಕಂಬ: ಪರಸ್ಪರ ಪರಿಚಯ, ಪರಸ್ಪರ ತಿಳಿವು, ಪರಸ್ಪರ ಹೊಣೆ. ನಾಲ್ಕು ಉಸ್ರಾ ಸೇರಿ ಒಂದು ಅಶೀರಾ, ಐದು ಅಶೀರಾ ಸೇರಿ ಒಂದು ರಹ್ತ್, ಐದು ರಹ್ತ್ ಸೇರಿ ಒಂದು ಕತೀಬಾ. ಲೆಕ್ಕ ಹಾಕಿದರೆ ಒಂದು ಕತೀಬಾದಲ್ಲಿ 100 ಉಸ್ರಾಗಳು, 500ರಿಂದ 1,000 ಜನ. ಮೇಲಿನಿಂದ ಒಂದು ಮಾತು ಹೊರಟರೆ ನಾಲ್ಕು ಕೈ ದಾಟುವಷ್ಟರಲ್ಲಿ ಸಾವಿರ ಜನಕ್ಕೆ ಮುಟ್ಟುತ್ತದೆ. ಅದಕ್ಕೆ ಕಚೇರಿ ಬೇಡ, ಪತ್ರಿಕೆ ಬೇಡ. ಕಚೇರಿಗೆ ಬೀಗ ಬಿದ್ದರೂ ಒಬ್ಬರ ಮನೆಯ ಚಾಪೆಗೆ ಬೀಗ ಹಾಕಲು ಆಗದು.

ಇದೇ ಕಾಲದಲ್ಲಿ ಒಳಗೊಳಗೇ ‘ನಿಜಾಮ್ ಅಲ್-ಖಾಸ್’ ಎಂಬ ಸಶಸ್ತ್ರ ಗುಪ್ತದಳವೂ ಹುಟ್ಟಿತು ಎಂಬುದನ್ನು ಮರೆಮಾಚಬಾರದು. 1948ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಅಹ್ಮದ್ ಅಲ್-ಖಾಜಿಂದಾರ್ ಕೊಲೆಯಾದರು. ಡಿಸೆಂಬರ್ 8ರಂದು ಸಂಘಟನೆ ವಿಸರ್ಜನೆಯಾಯಿತು. ಆ ಆದೇಶ ಹೊರಡಿಸಿದ ಪ್ರಧಾನಿ ನುಕ್ರಾಶಿ ಪಾಷಾ ಅವರನ್ನು ಡಿಸೆಂಬರ್ 28ರಂದು ಒಬ್ಬ ಇಖ್ವಾನ್ (ಬ್ರದರ್‌ಹುಡ್‌ನ ಅರಬ್ಬಿ ಹೆಸರು) ವಿದ್ಯಾರ್ಥಿ ಕೊಂದ. 1949ರ ಫೆಬ್ರವರಿ 12ರಂದು ಬನ್ನಾ ಅವರೂ ಕೈರೋದ ಬೀದಿಯಲ್ಲಿ ಗುಂಡಿಗೆ ಬಲಿಯಾದರು. 1954ರಲ್ಲಿ ಅಲೆಕ್ಸಾಂಡ್ರಿಯಾದ ಮನ್ಶಿಯಾ ಚೌಕದಲ್ಲಿ ಅಂದಿನ ಪ್ರಧಾನಿ ನಾಸರ್ ಮೇಲೆ ಗುಂಡು ಹಾರಿದ ಮೇಲೆ ಆರು ಮಂದಿಗೆ ನೇಣು, ಸಾವಿರಾರು ಜನಕ್ಕೆ ಜೈಲು. ಜೈಲಿನಲ್ಲಿ ಬರೆಯುತ್ತ ಹೋದ ಇಖ್ವಾನ್ ಚಿಂತಕ ಸಯ್ಯಿದ್ ಕುತ್ಬ್, ಇಡೀ ಸಮಾಜವೇ ಅಜ್ಞಾನದ ಕತ್ತಲಲ್ಲಿದೆ, ಅದನ್ನು ಒಡೆಯಲು ಮುಂಚೂಣಿ ಪಡೆ ಬೇಕು ಎಂಬ ತೀರ್ಮಾನಕ್ಕೆ ಬಂದರು. 1966ರ ಆಗಸ್ಟ್ 29ರಂದು ಅವರಿಗೂ ನೇಣಾಯಿತು. ಕುತ್ಬ್ ಈ ವಿಚಾರದಲ್ಲಿ ಜಮಾಅತೆ ಇಸ್ಲಾಮಿ ಕಟ್ಟಿದ ಮೌದೂದಿಯವರಿಂದ ಬಹಳಷ್ಟು ಪಡೆದಿದ್ದರು. ಮೌದೂದಿ ಹುಟ್ಟಿದ್ದು ಔರಂಗಾಬಾದಿನಲ್ಲಿ, ನಮ್ಮ ಬೀದರ್, ಕಲಬುರಗಿ, ರಾಯಚೂರು ಸೇರಿದ್ದ ಅದೇ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಆದರೆ ಇಖ್ವಾನ್ ಮುಖ್ಯಸ್ಥ ಹಸನ್ ಅಲ್-ಹುದೈಬಿ ಕುತ್ಬ್ ದಾರಿಯನ್ನು ಒಪ್ಪಲಿಲ್ಲ. ‘ನಾವು ಬೋಧಕರು, ತೀರ್ಪು ಕೊಡುವವರಲ್ಲ’ ಎಂಬುದು ಅವರ ಹೆಸರಿನಲ್ಲಿ ಬಂದ ಪುಸ್ತಕದ ತಲೆಬರಹದ ತಾತ್ಪರ್ಯ. ವೃತ್ತಿಪರ ಸಂಘಗಳ ಕತೆ ಈ ಎರಡನೆಯ ದಾರಿಯದು.

ನಕಾಬಾ ಎಂದರೇನು

ಈಜಿಪ್ಟಿನ ವೃತ್ತಿಪರ ಸಂಘಕ್ಕೆ ‘ನಕಾಬಾ’ ಎನ್ನುತ್ತಾರೆ. ಅದು ನಮ್ಮ ಊರಿನ ವೈದ್ಯರ ಸಂಘದಂತೆ ಇಷ್ಟವಿದ್ದರೆ ಸೇರುವ ಕೂಟವಲ್ಲ, ಕಾನೂನಿನಿಂದ ಹುಟ್ಟಿದ ಸಂಸ್ಥೆ. ಅದರ ಪಟ್ಟಿಯಲ್ಲಿ ಹೆಸರಿಲ್ಲದೆ ಡಾಕ್ಟರು ರೋಗಿಯನ್ನು ನೋಡುವಂತಿಲ್ಲ, ವಕೀಲರು ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಹೀಗಾಗಿ ವೃತ್ತಿಯ ಪ್ರತಿಯೊಬ್ಬನೂ ಸದಸ್ಯ, ಪ್ರತಿಯೊಬ್ಬ ಸದಸ್ಯನೂ ಮತದಾರ. ಆದಾಯ ಎರಡು ದಾರಿಯಿಂದ ಬರುತ್ತದೆ: ವಾರ್ಷಿಕ ವಂತಿಗೆ ಮತ್ತು ‘ದಮ್ಗಾ’ ಎಂಬ ಮುದ್ರೆ ಶುಲ್ಕ. ಡಾಕ್ಟರು ಪ್ರಮಾಣಪತ್ರ ಕೊಟ್ಟರೆ ಅದರ ಮೇಲೆ ಸಂಘದ ದಮ್ಗಾ, ವಕೀಲರ ವಕಾಲತ್ತಿನ ಮೇಲೆ ದಮ್ಗಾ, ಎಂಜಿನಿಯರಿಂಗ್ ಒಪ್ಪಂದದ ಮೇಲೂ ದಮ್ಗಾ. ದೇಶದಲ್ಲಿ ಕಟ್ಟಡ ಏಳುತ್ತಿರುವವರೆಗೆ ಎಂಜಿನಿಯರುಗಳ ಸಂಘದ ಪೆಟ್ಟಿಗೆ ಬರಿದಾಗದು. 1979ರಲ್ಲಿ ಆ ಸಂಘ ಬ್ಯಾಂಕನ್ನೇ ಸ್ಥಾಪಿಸಿತ್ತು.

ಇಷ್ಟು ಹಣ, ಇಷ್ಟು ಜನ, ಕಾನೂನಿನ ರಕ್ಷಣೆ ಎಲ್ಲ ಇದ್ದೂ ಚುನಾವಣೆಯ ದಿನ ಬರುತ್ತಿದ್ದವರು ಬೆರಳೆಣಿಕೆಯವರು. ಯಾರೋ ಮಂತ್ರಿ ಅಥವಾ ದೊಡ್ಡ ಗುತ್ತಿಗೆದಾರ ಅಧ್ಯಕ್ಷನಾಗುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಕಡಿಮೆ ಮತದಾನದ ಚುನಾವಣೆಯಲ್ಲಿ ಶಿಸ್ತಿನ ಸಣ್ಣ ಗುಂಪಿಗೆ ಎಂಥ ಬಲ ಬರುತ್ತದೆ ಎಂಬುದನ್ನು ಸಹಕಾರ ಸಂಘದ ಚುನಾವಣೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಮತದಾರರು ಎಲ್ಲಿಂದ ಬಂದರು

ಅನ್ವರ್ ಸಾದತ್ 1970ರಲ್ಲಿ ಅಧಿಕಾರಕ್ಕೆ ಬಂದವರೇ ವಿಶ್ವವಿದ್ಯಾಲಯಗಳ ಬಾಗಿಲು ಅಗಲ ಮಾಡಿದರು. ತಂತಾ, ಮನ್ಸೂರಾ, ಜಗಾಜಿಗ್, ಹೆಲ್ವಾನ್, ಮಿನ್ಯಾ ಹೀಗೆ ಆರೇಳು ವರ್ಷಗಳಲ್ಲಿ ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಹಳ್ಳಿಯ ಮಕ್ಕಳು ಮನೆತನದಲ್ಲೇ ಮೊದಲ ಪದವೀಧರರಾದರು. ಆದರೆ ಒಂದೇ ಬೆಂಚಿನಲ್ಲಿ ಮೂರ್ನಾಲ್ಕು ಜನ ಕೂರುವ ತರಗತಿ, ಪ್ರೊಫೆಸರರ ನೋಟ್ಸ್ ಕೊಳ್ಳಲು ದುಡ್ಡಿಲ್ಲ, ಬಸ್ಸಿನಲ್ಲಿ ಹುಡುಗಿಯರಿಗೆ ನಿಲ್ಲಲು ಜಾಗವಿಲ್ಲ. ಅಲ್ಲಿಗೆ ಬಂದವರು ಇಸ್ಲಾಮೀ ವಿದ್ಯಾರ್ಥಿ ಗುಂಪುಗಳು. ನೋಟ್ಸಿನ ಪ್ರತಿ ತೆಗೆಸಿ ಅಗ್ಗಕ್ಕೆ ಹಂಚಿದರು, ಹುಡುಗಿಯರಿಗೇ ಬೇರೆ ಮಿನಿಬಸ್ ಓಡಿಸಿದರು, ಮೈ ತುಂಬ ಮುಚ್ಚುವ ಬಟ್ಟೆಯನ್ನು ಕಡಿಮೆ ಬೆಲೆಗೆ ಕೊಟ್ಟರು. ಬಸ್ಸಿನ ನೂಕಾಟದಿಂದ ತಪ್ಪಿಸಿಕೊಳ್ಳಲು ಬಂದ ಹುಡುಗಿಗೆ ಹಿಜಾಬ್ ಮೊದಲು ಅನುಕೂಲವಾಗಿ, ಆಮೇಲೆ ನಂಬಿಕೆಯಾಗಿ ಬಂದದ್ದೂ ಉಂಟು. ಎರಡನ್ನೂ ಬಿಡಿಸಿ ನೋಡಲು ಹೋಗುವುದು ವ್ಯರ್ಥ. 1970ರ ದಶಕದ ಕೊನೆಯಲ್ಲಿ ವಿದ್ಯಾರ್ಥಿ ಸಂಘಗಳು ಅವರ ಕೈಯಲ್ಲಿದ್ದವು. ಕೈರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಾಯಕ, ವೈದ್ಯಕೀಯ ಓದುತ್ತಿದ್ದ ಅಬ್ದುಲ್ ಮುನೀಮ್ ಅಬುಲ್ ಫುತೂಹ್ 1977ರಲ್ಲಿ ಸಾದತ್ ಎದುರೇ ನಿಂತು ವಾದಿಸಿದರು.

ಈ ಹುಡುಗರು ಪದವಿ ಪಡೆದು ಹೊರಬಂದಾಗ ಏನಾಯಿತು? ನಾಸರ್ ಕಾಲದಿಂದ ಪ್ರತಿ ಪದವೀಧರನಿಗೂ ಸರ್ಕಾರಿ ಕೆಲಸದ ಖಾತರಿ ಇತ್ತು. 1980ರ ದಶಕದಲ್ಲಿ ಅದು ಕಾಗದದ ಮೇಲೆ ಉಳಿದಿತ್ತು, ಆದರೆ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಕೆಲಸ ಸಿಕ್ಕರೂ ಆ ಸಂಬಳಕ್ಕೆ ಮನೆ ಬಾಡಿಗೆ ಹುಟ್ಟದು. ಮನೆಯಿಲ್ಲದೆ ಮದುವೆಯಿಲ್ಲ, ಏಕೆಂದರೆ ಈಜಿಪ್ಟಿನಲ್ಲಿ ಮನೆ ಮತ್ತು ಪೀಠೋಪಕರಣ ಹೊಂದಿಸುವ ಹೊರೆಯ ಬಹುಪಾಲು ಗಂಡಿನ ಕಡೆಯದು. ಮೂವತ್ತು ದಾಟಿದ ಅವಿವಾಹಿತ ಡಾಕ್ಟರು ಆ ಕಾಲದ ಕೈರೋದಲ್ಲಿ ಅಪರೂಪವಲ್ಲ. ಅವನು ಬಡವನಲ್ಲ, ಹಸಿದವನೂ ಅಲ್ಲ. ಓದಿಗೆ ತಕ್ಕ ಬಾಳು ಸಿಗದೆ ಒಳಗೇ ಕುದಿಯುತ್ತಿರುವವನು. ಇಖ್ವಾನ್ ಬಡವರಿಗೆ ಅನ್ನ ಹಾಕಿ ಬೆಳೆಯಿತು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಈ ಪ್ರಕರಣದ ಮಟ್ಟಿಗೆ ಅದು ತಪ್ಪು. ಸೇವೆ ಪಡೆದವರೂ ಸೇವೆ ಕೊಟ್ಟವರೂ ಒಂದೇ ವರ್ಗದವರು: ಕೆಳ ಮಧ್ಯಮ ವರ್ಗದ ಓದಿದವರು.

ಹಿಡಿದ ಬಗೆ

1984ರಲ್ಲಿ ವೈದ್ಯರ ಸಂಘದ 25 ಸ್ಥಾನಗಳಲ್ಲಿ 7 ಇಖ್ವಾನ್ ಪಾಲಾಯಿತು. 1990ಕ್ಕೆ ಅದು 20. ಎಂಜಿನಿಯರುಗಳ ಸಂಘದಲ್ಲಿ 1987ರಲ್ಲೇ 61ರಲ್ಲಿ 54. ಫಾರ್ಮಸಿಸ್ಟರು ಮತ್ತು ವಿಜ್ಞಾನಿಗಳ ಸಂಘಗಳಲ್ಲೂ ಅವರ ಬಲ ಬೆಳೆಯಿತು. 1992ರ ಸೆಪ್ಟೆಂಬರ್‌ನಲ್ಲಿ, ಭೂಕಂಪಕ್ಕೆ ಒಂದು ತಿಂಗಳು ಮೊದಲು, ಉದಾರವಾದಿಗಳ ಕೋಟೆ ಎನಿಸಿದ್ದ ವಕೀಲರ ಸಂಘವೂ ಅವರದಾಯಿತು. ಬನ್ನಾ ಅವರ ಮಗ ಸೈಫುಲ್ ಇಸ್ಲಾಂ ಅದರ ಪ್ರಧಾನ ಕಾರ್ಯದರ್ಶಿಯಾದರು. ಇದೇ ಅವಧಿಯಲ್ಲಿ ಸಂಸತ್ತಿನಲ್ಲಿ ಅವರು ಬೇರೆ ಪಕ್ಷಗಳ ಟಿಕೆಟಿನ ಮೇಲೆ ಗೆದ್ದದ್ದು 1984ರಲ್ಲಿ 8 ಸ್ಥಾನ, 1987ರಲ್ಲಿ 36.

ಗೆಲುವಿನ ವಿಧಾನದಲ್ಲಿ ಗುಟ್ಟೇನೂ ಇರಲಿಲ್ಲ, ದುಡಿಮೆ ಇತ್ತು. ಚುನಾವಣೆಗೆ ತಿಂಗಳುಗಳ ಮೊದಲೇ ಹೊಸ ಪದವೀಧರರ ವಂತಿಗೆ ಬಾಕಿ ಇಲ್ಲದಂತೆ ನೋಡಿಕೊಳ್ಳಬೇಕು, ಬಾಕಿ ಇದ್ದರೆ ಮತವಿಲ್ಲ. ಪ್ರತಿ ಆಸ್ಪತ್ರೆಯಲ್ಲಿ, ಪ್ರತಿ ಕಾರ್ಖಾನೆಯಲ್ಲಿ ಒಬ್ಬ ಪರಿಚಿತ ಇರಬೇಕು. ಅವನು ಉಸ್ರಾದವನು, ಆದರೆ ಮತ ಕೇಳುವಾಗ ಸಹೋದ್ಯೋಗಿಯಾಗಿ ಕೇಳುತ್ತಾನೆ. ಒಂದೇ ಪಟ್ಟಿ, ಆ ಪಟ್ಟಿಯ ಆಚೆಗೆ ಒಂದೂ ಮತ ಚೆಲ್ಲಬಾರದು. ಎದುರಾಳಿಗಳಲ್ಲಿ ಎಡಪಂಥೀಯರು, ನಾಸರ್‌ವಾದಿಗಳು, ವಫ್ದ್ ಪಕ್ಷದವರು ಮೂರು ಪಟ್ಟಿ ಮಾಡಿಕೊಂಡು ಪರಸ್ಪರ ಮತ ಒಡೆಯುತ್ತಿದ್ದರು.

ಇನ್ನೊಂದು ಜಾಣತನವನ್ನು ಗಮನಿಸಬೇಕು. ಅಧ್ಯಕ್ಷ ಸ್ಥಾನಕ್ಕೆ ಅವರು ಕೈ ಹಾಕಲಿಲ್ಲ. ವೈದ್ಯರ ಸಂಘದಲ್ಲಿ ಆಳುವ ಪಕ್ಷದ ಹಮ್ದಿ ಅಲ್-ಸಯ್ಯಿದ್ ಅಧ್ಯಕ್ಷರು, ಎಂಜಿನಿಯರುಗಳ ಸಂಘದಲ್ಲಿ ವಸತಿ ಸಚಿವ ಹಸಬುಲ್ಲಾ ಅಲ್-ಕಫ್ರಾವಿ. ಸರ್ಕಾರದೊಂದಿಗೆ ಮಾತಾಡಲು ಸರ್ಕಾರದವರೇ ಬಾಗಿಲಲ್ಲಿ ಇರಲಿ, ಒಳಮನೆಯ ಕಾರ್ಯದರ್ಶಿ ಮತ್ತು ಖಜಾಂಚಿ ನಮ್ಮವರಿರಲಿ ಎಂಬ ಹೊಂದಾಣಿಕೆ ಅದು. ಅಬುಲ್ ಫುತೂಹ್ ವೈದ್ಯರ ಸಂಘದ ಪ್ರಧಾನ ಕಾರ್ಯದರ್ಶಿ, ಎಸಾಮ್ ಅಲ್-ಅರ್ಯಾನ್ ಅಲ್ಲಿಯೇ ಸಹಾಯಕ ಪ್ರಧಾನ ಕಾರ್ಯದರ್ಶಿ. ಇಬ್ಬರೂ ಕ್ಯಾಂಪಸ್ಸಿನ ಅದೇ ಪೀಳಿಗೆ.

ಗೆದ್ದ ಮೇಲೆ ಮಾಡಿದ ಕೆಲಸವೇ ಮುಂದಿನ ಚುನಾವಣೆಯ ಪ್ರಚಾರ. 1988ರಲ್ಲಿ ವೈದ್ಯರಿಗೂ ಅವರ ಮನೆಯವರಿಗೂ ಆರೋಗ್ಯ ವಿಮೆ ಯೋಜನೆ ಬಂತು. ವರ್ಷಕ್ಕೆ ಸಣ್ಣ ಮೊತ್ತ ಕಟ್ಟಿದರೆ ಸಂಘ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳಲ್ಲಿ ರಿಯಾಯಿತಿ ದರದ ಚಿಕಿತ್ಸೆ. ಮದುವೆಗೆ ಸಾಲ. ಫ್ರಿಜ್ಜು, ಒಲೆ, ಮಂಚ, ಸೋಫಾ ಕಂತಿನ ಮೇಲೆ ಕೊಡುವ ಮಾರಾಟ ಮೇಳ. ವೈದ್ಯಕೀಯ ಪುಸ್ತಕ ಅಗ್ಗದ ದರದಲ್ಲಿ. ಕೈರೋದ ಕಸ್ರುಲ್ ಐನಿ ಬೀದಿಯಲ್ಲಿರುವ ಸಂಘದ ಕಟ್ಟಡ ದಾರುಲ್ ಹಿಕ್ಮಾ ಹಿಂದೆ ದೊಡ್ಡವರ ಸಮಾರಂಭದ ಜಾಗ. ಈಗ ಅಲ್ಲಿ ಫಾರಂ ತುಂಬುತ್ತ ನಿಂತ ಕಿರಿಯ ಡಾಕ್ಟರುಗಳ ಸಾಲು. ಆ ಸಾಲಿನಲ್ಲಿ ನಿಂತವರಲ್ಲಿ ಇಖ್ವಾನ್ ಸದಸ್ಯರು ಅಲ್ಪಸಂಖ್ಯಾತರೇ. ಆದರೆ ಮತ ಹಾಕುವಾಗ ಅವರು ಯಾರನ್ನು ನೆನೆಯುತ್ತಾರೆ ಎಂಬುದು ಸ್ಪಷ್ಟ.

ಹಣ ಕೊಲ್ಲಿ ದೇಶಗಳಿಂದ ಬಂತು ಎಂಬುದು ಇನ್ನೊಂದು ಅರ್ಧಸತ್ಯ. ಕೊಲ್ಲಿಯಲ್ಲಿ ದುಡಿದ ಈಜಿಪ್ಷಿಯನ್ನರ ದೇಣಿಗೆ ಇತ್ತು. ಆದರೆ ವಿಮೆ ಮತ್ತು ಸಾಲದ ಯೋಜನೆಗಳು ನಡೆದದ್ದು ಸಂಘದ್ದೇ ಹಣದಿಂದ: ವಂತಿಗೆ, ದಮ್ಗಾ, ಸದಸ್ಯರು ಕಟ್ಟಿದ ವಿಮಾ ಮೊತ್ತ. ಅದೇ ಹಣ ಹಿಂದಿನ ಆಡಳಿತಗಳ ಕೈಯಲ್ಲೂ ಇತ್ತು. ಅವರು ಕಿರಿಯರನ್ನು ಸದಸ್ಯರೆಂದೇ ಎಣಿಸಿರಲಿಲ್ಲ.

ಅಕ್ಟೋಬರ್ 12ರ ನಂತರ

ವೈದ್ಯರ ಸಂಘದಲ್ಲಿ ಮಾನವೀಯ ಪರಿಹಾರ ಸಮಿತಿಯೊಂದು ಮೊದಲೇ ಇತ್ತು. ಅಫ್ಘನ್ ನಿರಾಶ್ರಿತರಿಗೆ, ಆಮೇಲೆ ಬೋಸ್ನಿಯಾಕ್ಕೆ ಔಷಧ ಮತ್ತು ವೈದ್ಯರನ್ನು ಕಳಿಸಿ ಪಳಗಿದ ಸಮಿತಿ. ಯಾವ ಔಷಧ ಮೊದಲು ಬೇಕು, ಡೇರೆ ಎಲ್ಲಿ ಸಿಗುತ್ತದೆ, ಪಟ್ಟಿ ಹೇಗೆ ಬರೆಯಬೇಕು ಎಂಬುದು ಅವರಿಗೆ ಗೊತ್ತು. ಪೇಶಾವರದಲ್ಲಿ ಕಲಿತದ್ದು ಕೈರೋದ ಸಯ್ಯಿದಾ ಜೈನಬ್ ಬೀದಿಯಲ್ಲಿ ಕೆಲಸಕ್ಕೆ ಬಂತು. ಆದರೆ ಸರ್ಕಾರಿ ಯಂತ್ರದಲ್ಲಿ ಮೇಲಿನ ಆದೇಶ ಬರುವವರೆಗೆ ಕೆಳಗಿನ ಅಧಿಕಾರಿ ಕೈ ಎತ್ತುವಂತಿಲ್ಲ, ಮೇಲಿನವರೇ ದೇಶದಲ್ಲಿಲ್ಲ. ಉಸ್ರಾ ಕಟ್ಟಿನಲ್ಲಿ ಬೀದಿಯ ನಕೀಬನಿಗೆ ತನ್ನ ಹತ್ತು ಜನ ಎಲ್ಲಿದ್ದಾರೆ ಎಂಬುದು ಗೊತ್ತು. ಯಾರ ಮನೆ ಬಿರುಕು ಬಿಟ್ಟಿದೆ, ಯಾರ ಮನೆಯ ಮುದುಕಿ ಇನ್ನೂ ಒಳಗಿದ್ದಾಳೆ ಎಂಬುದೂ ಗೊತ್ತು. ಪರಿಹಾರ ಕಾರ್ಯದಲ್ಲಿ ಮೊದಲ ದಿನ ಬೆಲೆಬಾಳುವ ಮಾಹಿತಿ ಇದೇ.

ಒಂದು ಮಾತನ್ನು ನೇರವಾಗಿ ಹೇಳಬೇಕು. ಆ ಡಾಕ್ಟರುಗಳು ಗಾಯಗೊಂಡವರಿಗೆ ಮಾಡಿದ್ದು ನಾಟಕವಲ್ಲ, ನಿಜವಾದ ಸೇವೆ. ಅದರ ಮೇಲೆ ಚುನಾವಣಾ ಘೋಷಣೆಯ ಬ್ಯಾನರ್ ಕಟ್ಟಿದ್ದೂ ನಿಜ. ಸಂಘದ ಡೇರೆಗೆ ಕ್ರೈಸ್ತ ಡಾಕ್ಟರರ ವಂತಿಗೆಯೂ ಹೋಗಿತ್ತು. ‘ಇಸ್ಲಾಮೇ ಪರಿಹಾರ’ ಎಂಬ ಬಟ್ಟೆಯನ್ನು ಅವರ ಹಣದಲ್ಲಿ ಕಟ್ಟುವ ಹಕ್ಕು ಯಾರಿಗೆ ಇತ್ತು ಎಂಬ ಪ್ರಶ್ನೆಯನ್ನು ಅಂದು ಕೇಳಿದವರು ಕಡಿಮೆ. ಮುಂದೆ ಅದೇ ಪ್ರಶ್ನೆ ದೊಡ್ಡದಾಯಿತು.

ಸರ್ಕಾರಕ್ಕೆ ಬೀದಿಯ ದೃಶ್ಯ ಕಂಡು ದಿಗಿಲಾಯಿತು. ರಾಜ್ಯದೊಳಗೊಂದು ರಾಜ್ಯ ಹುಟ್ಟಿದೆ ಎಂಬ ಮಾತು ಅಧಿಕಾರಸ್ಥರ ಬಾಯಲ್ಲಿ ಬಂತು. ತುರ್ತು ಪರಿಸ್ಥಿತಿ ಕಾನೂನಿನಡಿ ಆ ವರ್ಷದ 4ನೇ ಸೇನಾ ಆದೇಶ ಹೊರಟಿತು: ಅನುಮತಿಯಿಲ್ಲದೆ ದೇಣಿಗೆ ಎತ್ತಿದರೆ ಜೈಲು. ಪರಿಹಾರವೆಲ್ಲ ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಮೂಲಕವೇ ಹೋಗಬೇಕೆಂದು ತಾಕೀತಾಯಿತು. ಡೇರೆಗಳನ್ನು ತೆಗೆಸಿದರು. ಆ ಸಮಯವನ್ನೂ ನೆನಪಿಡಬೇಕು. ಜೂನ್ 8ರಂದು ಲೇಖಕ ಫರಜ್ ಫೋದಾ ಅವರನ್ನು ಉಗ್ರರು ಕೊಂದಿದ್ದರು. ದಕ್ಷಿಣದಲ್ಲಿ ಅಲ್-ಜಮಾಅ ಅಲ್-ಇಸ್ಲಾಮಿಯಾ ಎಂಬ ಸಶಸ್ತ್ರ ಗುಂಪು ಪ್ರವಾಸಿಗರ ಮೇಲೆ ಗುಂಡು ಹಾರಿಸುತ್ತಿತ್ತು. ಫೆಬ್ರವರಿಯಲ್ಲಿ ಇಖ್ವಾನ್ ನಾಯಕ ಖೈರತ್ ಅಲ್-ಶಾತಿರ್ ಅವರ ಸಲ್ಸಬೀಲ್ ಎಂಬ ಕಂಪ್ಯೂಟರ್ ಕಂಪನಿಯ ಮೇಲೆ ದಾಳಿ ಮಾಡಿದ ಪೊಲೀಸರು, ಸಂಸ್ಥೆಗಳನ್ನು ಹಂತಹಂತವಾಗಿ ಹಿಡಿಯುವ ಇಖ್ವಾನ್ ಯೋಜನೆ ಸಿಕ್ಕಿತು ಎಂದಿದ್ದರು. ಬಂದೂಕಿನವರು ಬೇರೆ, ಬ್ಯಾನರಿನವರು ಬೇರೆ ಎಂದು ಬಿಡಿಸಿ ನೋಡುವ ವ್ಯವಧಾನ ಮುಬಾರಕ್ ಸರ್ಕಾರಕ್ಕೆ ಇರಲಿಲ್ಲ. ಬಿಡಿಸಿ ನೋಡುವುದು ಬೇಕಾಗಿಯೂ ಇರಲಿಲ್ಲ.

ನೂರನೇ ಕಾನೂನಿನ ಗಣಿತ

1993ರ ಫೆಬ್ರವರಿಯಲ್ಲಿ, ಭೂಕಂಪವಾಗಿ ನಾಲ್ಕೇ ತಿಂಗಳಿಗೆ, ಸಂಸತ್ತು 100ನೇ ಕಾನೂನನ್ನು ತರಾತುರಿಯಲ್ಲಿ ಅಂಗೀಕರಿಸಿತು. ಹೆಸರು ‘ವೃತ್ತಿಪರ ಸಂಘಗಳ ಪ್ರಜಾಸತ್ತಾತ್ಮಕ ಸಂಘಟನೆಗೆ ಖಾತರಿ’. ಒಳಗಿದ್ದದ್ದು ಹೀಗೆ: ಮೊದಲ ಸುತ್ತಿನಲ್ಲಿ ಮತದಾರರ ಪಟ್ಟಿಯ ಕನಿಷ್ಠ ಅರ್ಧದಷ್ಟು ಜನ ಮತ ಹಾಕಿರಬೇಕು. ಆಗದಿದ್ದರೆ ಇನ್ನೊಂದು ಸುತ್ತು, ಆಗ ಮೂರನೇ ಒಂದು ಭಾಗ ಬರಬೇಕು. ಅದೂ ಆಗದಿದ್ದರೆ ಕೊನೆಗೆ ಸಂಘದ ಆಡಳಿತ ನ್ಯಾಯಾಧೀಶರ ಮುಂದಾಳತ್ವದ ನೇಮಿತ ಸಮಿತಿಯ ಕೈಗೆ.

ಕೇಳಲು ನ್ಯಾಯವಾಗಿದೆ. ಲೆಕ್ಕ ಹಾಕಿ ನೋಡೋಣ. ಪಟ್ಟಿಯಲ್ಲಿ 1,00,000 ಹೆಸರುಗಳಿವೆ ಎಂದುಕೊಳ್ಳಿ. ಮೊದಲ ಸುತ್ತಿಗೆ 50,000 ಬೇಕು, ಎರಡನೆಯದಕ್ಕೆ 33,334. ಆದರೆ ಪಟ್ಟಿಯಲ್ಲಿರುವವರಲ್ಲಿ ಎಷ್ಟೋ ಜನ ಸೌದಿಯಲ್ಲೋ ಕುವೈತಿನಲ್ಲೋ ದುಡಿಯುತ್ತಿದ್ದಾರೆ. ಕೆಲವರು ಸತ್ತಿದ್ದಾರೆ, ಹೆಸರು ಉಳಿದಿದೆ. ಕೆಲವರು ವೃತ್ತಿ ಬಿಟ್ಟಿದ್ದಾರೆ. ಮಿಕ್ಕವರು ಮಾತ್ರ ಬೂತಿಗೆ ಬರಬಲ್ಲವರು, ಅವರಲ್ಲಿ ಬಹುಮತದವರು ಬಂದರೂ ಗೆರೆ ಮುಟ್ಟುವುದು ಕಷ್ಟ. 1995ರ ತಿದ್ದುಪಡಿ ಮತದಾರರ ಪಟ್ಟಿ ಮತ್ತು ಚುನಾವಣೆಯ ಮೇಲ್ವಿಚಾರಣೆಯನ್ನೂ ನ್ಯಾಯಾಧೀಶರಿಗೆ ಕೊಟ್ಟಿತು. ಆಮೇಲೆ ದಿನಾಂಕ ಗೊತ್ತಾಗದೆ ಚುನಾವಣೆಗಳು ಹಾಗೇ ಉಳಿದವು. ವೈದ್ಯರ ಸಂಘಕ್ಕೆ 1992ರ ನಂತರ 2011ರವರೆಗೆ ಚುನಾವಣೆಯೇ ನಡೆಯಲಿಲ್ಲ. ಹಳೆಯ ಕೌನ್ಸಿಲ್ ಹಾಗೇ ಮುಂದುವರಿಯಿತು. ಇಖ್ವಾನರನ್ನು ಮತದಿಂದ ಸೋಲಿಸಲಾಗದ ಸರ್ಕಾರ ಮತವನ್ನೇ ತಡೆಹಿಡಿಯಿತು, ಅದರಿಂದ ಅವರ ಬಹುಮತವೂ ಹಾಗೇ ಹೆಪ್ಪುಗಟ್ಟಿ ಉಳಿಯಿತು. ಕಾನೂನು ತಂದವರು ಬಹುಶಃ ಇದನ್ನು ಎಣಿಸಿರಲಿಲ್ಲ.

ಮಿಕ್ಕ ಸಂಘಗಳಿಗೆ ಬೇರೆ ಮದ್ದು. 1994ರ ಏಪ್ರಿಲ್‌ನಲ್ಲಿ ವಕೀಲರೊಬ್ಬರು ಪೊಲೀಸ್ ವಶದಲ್ಲಿ ಸತ್ತಾಗ ವಕೀಲರ ಸಂಘ ಬೀದಿಗಿಳಿಯಿತು, ಹಲವರ ಬಂಧನವಾಯಿತು. 1995ರಲ್ಲಿ ಎಂಜಿನಿಯರುಗಳ ಸಂಘವನ್ನು, 1996ರ ಜನವರಿಯಲ್ಲಿ ವಕೀಲರ ಸಂಘವನ್ನು ಹಣಕಾಸಿನ ಅವ್ಯವಹಾರದ ದೂರಿನ ಮೇಲೆ ‘ಹಿರಾಸಾ’ಕ್ಕೆ, ಅಂದರೆ ನ್ಯಾಯಾಲಯ ನೇಮಿಸಿದ ಪಾಲಕರ ಕೈಗೆ ಕೊಡಲಾಯಿತು. ಎಂಜಿನಿಯರುಗಳ ಸಂಘ 2011ರವರೆಗೆ ಹಾಗೇ ಇತ್ತು. ಖರ್ಚಿನ ಲೆಕ್ಕ ಸಡಿಲವಾಗಿತ್ತು ಎಂಬ ದೂರನ್ನು ತಳ್ಳಿಹಾಕಬೇಕಿಲ್ಲ. ಆದರೆ ಅದೇ ಸಡಿಲತೆ ಹಿಂದಿನ ಆಡಳಿತಗಳಲ್ಲಿ ಇದ್ದಾಗ ಹಿರಾಸಾ ಬಂದಿರಲಿಲ್ಲ. 1995ರ ನವೆಂಬರ್‌ನಲ್ಲಿ, ಸಂಸತ್ ಚುನಾವಣೆಯ ಹೊಸ್ತಿಲಲ್ಲಿ, ಸೇನಾ ನ್ಯಾಯಾಲಯ 54 ಇಖ್ವಾನ್ ನಾಯಕರಿಗೆ ಶಿಕ್ಷೆ ವಿಧಿಸಿತು. ಅಬುಲ್ ಫುತೂಹ್ ಮತ್ತು ಅರ್ಯಾನ್ ಇಬ್ಬರಿಗೂ 5 ವರ್ಷ. ಆ ಚುನಾವಣೆಯಲ್ಲಿ ಸುಮಾರು 150 ಇಖ್ವಾನ್ ಅಭ್ಯರ್ಥಿಗಳ ಪೈಕಿ ಗೆದ್ದವರು ಒಬ್ಬರು.

ಒಳಗಿನ ಬಿರುಕು

ಹೊರಗಿನ ಪೆಟ್ಟಿನ ಕತೆ ಹೇಳುವುದು ಸುಲಭ. ಒಳಗೆ ಆದದ್ದು ಹೆಚ್ಚು ಮುಖ್ಯ ಎಂದು ನಮಗೆ ಅನಿಸುತ್ತದೆ. ಹತ್ತು ವರ್ಷ ಸಂಘ ನಡೆಸಿದವರು ಉಸ್ರಾದ ಆಚೆಗಿನವರ ಜೊತೆ ಕೂತು ಮಾತಾಡಿದ್ದರು. ಬಜೆಟ್ ಒಪ್ಪಿಸಲು ನಾಸರ್‌ವಾದಿಯ ಮತ ಬೇಕು, ವಿಮೆ ನಡೆಸಲು ಕಾಪ್ಟಿಕ್ ಕ್ರೈಸ್ತ ಡಾಕ್ಟರರ ಸಹಕಾರ ಬೇಕು, ವಾದದಲ್ಲಿ ಸೋತರೆ ಸೋಲೊಪ್ಪಬೇಕು. ಇದು ಅವರನ್ನು ಬದಲಿಸಿತು. ಆದರೆ ಇಖ್ವಾನ್‌ನ ಕೇಂದ್ರ ಸಮಿತಿಯಲ್ಲಿ ಕೂತಿದ್ದವರು ನಾಸರ್ ಜೈಲುಗಳನ್ನು ಕಂಡ ಹಿರಿಯರು. ಅವರಿಗೆ ‘ಕೇಳು ಮತ್ತು ಪಾಲಿಸು’ ಎಂಬುದೇ ನಿಯಮ, ಸಂಘಟನೆ ಉಳಿದದ್ದೇ ಅದರಿಂದ ಎಂಬ ನಂಬಿಕೆ. ಎರಡೂ ಪೀಳಿಗೆಗೆ ತಮ್ಮ ತಮ್ಮ ಅನುಭವವೇ ಪ್ರಮಾಣ.

1996ರ ಜನವರಿಯಲ್ಲಿ ಎಂಜಿನಿಯರುಗಳ ಸಂಘದ ಅಬುಲ್ ಇಲಾ ಮಾದಿ ಮತ್ತು ಜೊತೆಗಾರರು ‘ವಸತ್’ ಎಂಬ ಪಕ್ಷಕ್ಕೆ ಅರ್ಜಿ ಹಾಕಿದರು. ವಸತ್ ಎಂದರೆ ನಡುವಿನದು. ಸ್ಥಾಪಕ ಸದಸ್ಯರ ಪಟ್ಟಿಯಲ್ಲಿ ಕ್ರೈಸ್ತರೂ ಇದ್ದರು, ಮಹಿಳೆಯರೂ ಇದ್ದರು. ಸರ್ಕಾರ ನಿರಾಕರಿಸಿತು, ಮಾದಿ ಅವರನ್ನು ಬಂಧಿಸಿತು. ಇಖ್ವಾನ್ ನಾಯಕತ್ವ ಇನ್ನೂ ಕಟುವಾಗಿ ನಡೆದುಕೊಂಡಿತು: ಸೇರಿದವರಿಗೆ ರಾಜೀನಾಮೆ ಕೊಡಿ ಅಥವಾ ಅರ್ಜಿಯಿಂದ ಹೆಸರು ತೆಗೆಯಿರಿ ಎಂದಿತು. ಹಲವರು ತೆಗೆದರು. ವಸತ್‌ಗೆ ಮಾನ್ಯತೆ ಸಿಕ್ಕಿದ್ದು 15 ವರ್ಷಗಳ ಬಳಿಕ, 2011ರ ಫೆಬ್ರವರಿ 19ರಂದು, ಮುಬಾರಕ್ ಇಳಿದ ಎಂಟೇ ದಿನಕ್ಕೆ. ಅದಕ್ಕೂ ಮೊದಲು ಜನವರಿಯ ಆರಂಭದಲ್ಲಿ ಸಂವಿಧಾನ ನ್ಯಾಯಾಲಯ 100ನೇ ಕಾನೂನನ್ನು ರದ್ದುಮಾಡಿತ್ತು.

2011ರ ಅಕ್ಟೋಬರ್‌ನಲ್ಲಿ ವೈದ್ಯರು 19 ವರ್ಷಗಳ ನಂತರ ಮತ ಹಾಕಿದರು. ಇಖ್ವಾನ್ ಕೇಂದ್ರ ಕೌನ್ಸಿಲಿನಲ್ಲಿ ಬಹುಮತ ಉಳಿಸಿಕೊಂಡಿತು, ಆದರೆ ಅಲೆಕ್ಸಾಂಡ್ರಿಯಾದಂಥ ಕಡೆ ‘ಸ್ವಾತಂತ್ರ್ಯ ಪಟ್ಟಿ’ಯ ಸ್ವತಂತ್ರರು ಗೆದ್ದರು. ಈ ಸ್ವತಂತ್ರರ ಬೇರು 2007ರಲ್ಲಿ ಹುಟ್ಟಿದ ‘ಹಕ್ಕುಗಳಿಲ್ಲದ ವೈದ್ಯರು’ ಎಂಬ ಗುಂಪಿನಲ್ಲಿತ್ತು. ಅವರ ಪಟ್ಟು ಬಹಳ ಸರಳ: ಕಿರಿಯ ವೈದ್ಯರ ಸಂಬಳ, ಆಸ್ಪತ್ರೆಯ ಭದ್ರತೆ, ಆರೋಗ್ಯ ಬಜೆಟ್. 1984ರಲ್ಲಿ ಇಖ್ವಾನ್ ಯಾರ ಕಿವಿಗೆ ಮಾತಾಡಿತ್ತೋ ಅದೇ ಕಿವಿಗೆ ಈಗ ಇವರು ಮಾತಾಡುತ್ತಿದ್ದರು.

2012ರ ಜೂನ್‌ನಲ್ಲಿ ಇಖ್ವಾನ್‌ನ ಎಂಜಿನಿಯರ್ ಮುಹಮ್ಮದ್ ಮೊರ್ಸಿ 51.7 ಶೇಕಡಾ ಮತ ಪಡೆದು ಅಧ್ಯಕ್ಷರಾದರು. ಅಕ್ಟೋಬರ್ 1ರಂದು ಸರ್ಕಾರಿ ಆಸ್ಪತ್ರೆಗಳ ವೈದ್ಯರು ಮುಷ್ಕರ ಹೂಡಿದರು. ತುರ್ತು ಚಿಕಿತ್ಸೆ ಬಿಟ್ಟು ಉಳಿದ ಕೆಲಸ ನಿಲ್ಲಿಸಿದರು. ಆರೋಗ್ಯಕ್ಕೆ ಬಜೆಟ್ಟಿನ 15 ಶೇಕಡಾ ಕೊಡಿ ಎಂಬುದು ಬೇಡಿಕೆ. ಮುಷ್ಕರವನ್ನು ಸಂಘದ ಮಹಾಸಭೆಯೇ ಒಪ್ಪಿತ್ತು. ಆದರೆ ಕೌನ್ಸಿಲಿನ ಇಖ್ವಾನ್ ಬಹುಮತ ಹಿಂದೇಟು ಹಾಕಿತು. ಎದುರಿಗಿದ್ದದ್ದು ತಮ್ಮದೇ ಸರ್ಕಾರ. ಹಿಂದೆ ದಾರುಲ್ ಹಿಕ್ಮಾದ ಬಾಗಿಲಲ್ಲಿ ಆಳುವ ಪಕ್ಷದವರನ್ನು ಕೂರಿಸಿ ಒಳಗೆ ಸದಸ್ಯರ ಪರ ಕೆಲಸ ಮಾಡಿದ್ದವರು ಈಗ ತಾವೇ ಆ ಬಾಗಿಲಲ್ಲಿ ಕೂತಿದ್ದರು. ಸೇವೆಯಿಂದ ಕಟ್ಟಿದ ಚಳವಳಿಗೆ ಸರ್ಕಾರ ಸಿಕ್ಕಾಗ ಸಾಲದ ಫಾರಂ, ಅಗ್ಗದ ಸೋಫಾ ಸಾಕಾಗುವುದಿಲ್ಲ. ಬಜೆಟ್ ಹಂಚುವಾಗ ಯಾರನ್ನು ಬಿಡಬೇಕು ಎಂಬ ತೀರ್ಮಾನ ಬೇಕು. ಡೇರೆಯಲ್ಲಿ ಆ ತೀರ್ಮಾನ ಎಂದೂ ಎದುರಾಗಿರಲಿಲ್ಲ.

2013ರ ಜುಲೈ 3ರಂದು ಸೇನೆ ಮೊರ್ಸಿಯನ್ನು ಇಳಿಸಿತು. ಆಗಸ್ಟ್ 14ರಂದು ರಾಬಿಯಾ ಚೌಕದಲ್ಲಿ ಧರಣಿ ಕೂತ ನೂರಾರು ಜನ ಸತ್ತರು. ಸಂಘಟನೆಯ ಮೇಲೆ ಮತ್ತೆ ನಿಷೇಧ ಬಿತ್ತು, ಸಾವಿರಾರು ಜನ ಜೈಲು ಸೇರಿದರು. ಆ ಡಿಸೆಂಬರ್‌ನಲ್ಲಿ ವೈದ್ಯರ ಕೌನ್ಸಿಲಿನ ಅರ್ಧ ಸ್ಥಾನಗಳಿಗೆ ಚುನಾವಣೆ ನಡೆಯಿತು. ಭಯದ ಆ ವಾತಾವರಣದಲ್ಲಿ ನಡೆದ ಮತದಾನವನ್ನು ಇಖ್ವಾನ್ ವಿರುದ್ಧದ ಶುದ್ಧ ತೀರ್ಪು ಎನ್ನಲಾಗದು. ಆದರೆ ಸೋಲಿಸಿದವರು ಸೇನೆಯ ಬೆಂಬಲಿಗರಲ್ಲ, ಮುಷ್ಕರ ನಡೆಸಿದ್ದ ಸ್ವತಂತ್ರರು. ಸುಮಾರು ಮೂರು ದಶಕಗಳಲ್ಲಿ ಮೊದಲ ಸಲ ಕೌನ್ಸಿಲಿನ ಬಹುಮತ ಇಖ್ವಾನ್ ಕೈತಪ್ಪಿತು. ಅಬುಲ್ ಫುತೂಹ್ ಒಮ್ಮೆ ಕೂತಿದ್ದ ಪ್ರಧಾನ ಕಾರ್ಯದರ್ಶಿಯ ಕುರ್ಚಿಗೆ ‘ಹಕ್ಕುಗಳಿಲ್ಲದ ವೈದ್ಯರು’ ಗುಂಪಿನ ಮಕ್ಕಳ ವೈದ್ಯೆ, ಕಾಪ್ಟಿಕ್ ಕ್ರೈಸ್ತರಾದ ಮೋನಾ ಮೀನಾ ಬಂದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು ಅವರು.